ಕೊರಡಿನಾಚೆಯ ಕರಿಗೂಳಿ

ಜೂನ್ ತಿಂಗಳ ಎರಡನೆಯ ಸೋಮವಾರ ಮುದುಕಿ ಮೊಸಿದಿ ಹಿತ್ತಲಿನಿಂದ ಮೊಪಾನೆ ಮರದ ಕೊರಡೊಂದನ್ನು ಎಳೆದು ತಂದು ನಡುಮನೆಯ ಹೊಸ್ತಿಲಿಗೆ ಅಡ್ಡವಾಗಿ ಮಲಗಿಸಿದಳು. ಒಳಗೆ ಅವಳ ಮೊಮ್ಮಗಳು ಬೊನೊಲೊ ಎರಡು ದಿನದ ಹೆಣ್ಣುಕೂಸನ್ನು ಎದೆಗವಚಿಕೊಂಡು ಮಲಗಿದ್ದಳು. ಕೊರಡು ಬಿದ್ದಿತೆಂದರೆ ಮೂರು ತಿಂಗಳು ಗಂಡಸಿನ ಕಾಲು ಆ ಹೊಸ್ತಿಲನ್ನು ದಾಟುವಂತಿಲ್ಲ. ಮಹಲಾಪ್ಯೆ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಆದರೂ ಮೊಸಿದಿಯ ಮಗ, ಬೊನೊಲೊಳ ತಂದೆ ಬಾರೆಕಿ, ಕೊರಡಿನ ಈಚೆ ನಿಂತು ಕಾಲು ಬದಲಿಸುತ್ತಿದ್ದ.

"ಅವ್ವಾ, ನನ್ನ ಡಿಸ್ಕ್ ಒಳಗೇ ಉಳ್ಕೊಂಡಿದೆ."

"ನಿನ್ನ ಮೊಮ್ಮಗಳೂ ಒಳಗೇ ಇದಾಳೆ. ಅವಳು ಹೇಗಿದಾಳೆ ಅಂತ ಕೇಳಿದ್ಯಾ?"

"ಬೆಳಿಗ್ಗೆಯಿಂದ ಎರಡು ಸಲ ಕೇಳ್ದೆ. ಆ ಮೆಷಿನ್ ಬಾಯಿಂದ ಡಿಸ್ಕ್ ತೆಗೆದು ಕೊಟ್ಬಿಡು, ಮತ್ತೆ ಈ ಕಡೆ ತಲೆ ಹಾಕಲ್ಲ."

"ಒಳಗಿರೋ ಚಮಚ ಕೂಡ ಕೊರಡು ಏಳೋ ತನಕ ಹೊರಗೆ ಬರಲ್ಲ. ನಿನ್ನ ಡಿಸ್ಕ್ ಏನು ಬೆಳ್ಳೀದಾ?"

ಬಾರೆಕಿಗೆ ಅರವತ್ತಮೂರು. ರೈಲ್ವೆಯಲ್ಲಿ ಬೋಗಿ ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು. ಅದಕ್ಕಿಂತ ಮಿಗಿಲಾಗಿ, ಕರಿಗೂಳಿ ಎಂಬ ರಾಕ್ ತಂಡದ ಹಿಂದೆ ಮೂವತ್ತೊಂದು ವರ್ಷ ಡ್ರಮ್ಮು ಬಾರಿಸಿಕೊಂಡು ಬಂದವನು. ಗಂಜಿ ಕುಡಿಯುವಾಗಲೂ, ಕೋಳಿಗೂಡು ತೊಳೆಯುವಾಗಲೂ ಮೊಳೆ ಬಡಿದ ಕರಿಯ ಚರ್ಮದ ಅಂಗಿ ಅವನ ಮೈಮೇಲಿರುತ್ತಿತ್ತು. ಮೇ ತಿಂಗಳಲ್ಲಿ ರಾಜಧಾನಿ ಗಾಬೊರೋನಿನಲ್ಲಿ ನಡೆದ ತಂಡದ ಸಂಗೀತ ಕಚೇರಿಯನ್ನು ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದರು. ಡಿಸ್ಕು ಶುಕ್ರವಾರದ ಬಸ್ಸಿನಲ್ಲಿ ಬಂತು. ಭಾನುವಾರ ಊಟವಾದ ಮೇಲೆ ಎಲ್ಲರೂ ಕೂತು ನೋಡೋಣವೆಂದು ಬಾರೆಕಿ ಅದನ್ನು ಅಂದೇ ಟಿ.ವಿ.ಯ ಡಿಸ್ಕ್ ಯಂತ್ರದೊಳಗೆ ತುರುಕಿಟ್ಟ. ಶನಿವಾರ ಬೆಳಗಾಗುತ್ತಲೇ ಬೊನೊಲೊಳಿಗೆ ನೋವು ಬಂತು, ಲೆಕ್ಕಕ್ಕಿಂತ ಹನ್ನೆರಡು ದಿನ ಮೊದಲು. ದಕ್ಷಿಣದ ಆ ನಾಡಿನಲ್ಲಿ ಜೂನ್ ಎಂದರೆ ಚಳಿಗಾಲ; ಆ ಮನೆಯಲ್ಲಿ ಬೆಚ್ಚಗಿರುವ ಕೋಣೆ ನಡುಮನೆಯೊಂದೇ. ಬಾಣಂತಿಗೆ ಅದನ್ನೇ ಬಿಟ್ಟುಕೊಟ್ಟರು. ಟಿ.ವಿ. ಇದ್ದದ್ದೂ ಅಲ್ಲಿಯೇ. ಕಳ್ಳರು ಕೀಳಬಾರದೆಂದು ಬಾರೆಕಿಯೇ ಅದನ್ನು ರೈಲುಬೋಗಿಯ ಎಂಟು ಬೋಲ್ಟು ಹಾಕಿ ಗೋಡೆಗೆ ಬಿಗಿದಿದ್ದ. ಅವನ ಹೊರತು ಮತ್ತಾರ ಕೈಗೂ ಅದು ಬಿಚ್ಚುವಂತಿರಲಿಲ್ಲ.

ಬರಿಯ ನೋಡುವ ಚಪಲವಾಗಿದ್ದರೆ ಮೂರು ತಿಂಗಳು ಕಾಯಬಹುದಿತ್ತು. ಆದರೆ ತಂಡದಲ್ಲಿ ಬೇಸ್ ಗಿಟಾರು ನುಡಿಸುವ ತುಸೊ, ರೈಲ್ವೆಯಲ್ಲೂ ಬಾರೆಕಿಯ ಜೊತೆಗೇ ದುಡಿದವನು, ಎಲ್ಲರ ಎದುರು ಒಂದು ಮಾತು ಎತ್ತಿದ್ದ: ಗಾಬೊರೋನಿನಲ್ಲಿ ಕೊನೆಯ ಹಾಡು 'ಮರಳ ನದಿ' ನಡೆಯುವಾಗ ಬಾರೆಕಿಯ ಬಲಗಾಲು ಹಿಂದೆ ಬಿತ್ತು, ತಾಳ ಜಾರಿತು. ಆಗಸ್ಟ್ ಕೊನೆಗೆ ಫ್ರಾನ್ಸಿಸ್‌ಟೌನಿನಲ್ಲಿ ರಾಕ್ ಮೇಳವಿತ್ತು. ಡ್ರಮ್ಮಿಗೆ ಯಾರು ಕೂರಬೇಕೆಂಬುದನ್ನು ಜುಲೈ ಕೊನೆಯ ಶನಿವಾರ ಕೈಯೆತ್ತಿ ತೀರ್ಮಾನಿಸುವುದೆಂದಾಯಿತು. ತನ್ನ ತಾಳ ಜಾರಿಲ್ಲವೆನ್ನಲು ಬಾರೆಕಿಗೆ ಇದ್ದ ಸಾಕ್ಷಿ ಆ ಡಿಸ್ಕು ಒಂದೇ.

"ತುಸೊ ಹತ್ರಾನೂ ಒಂದು ಇದೆಯಲ್ಲ, ಅವನ ಮನೇಲಿ ನೋಡ್ಕೊಂಡು ಬನ್ನಿ" ಎಂದಳು ಹೆಂಡತಿ ಕೆಫಿಲ್ವೆ, ಹಿತ್ತಲಿನ ಒಲೆಯ ಮೇಲೆ ಬಾಣಂತಿಯ ಗಂಜಿಯನ್ನು ತಿರುವುತ್ತ.

"ಅವನ ಸೋಫಾ ಮೇಲೆ ಕೂತು, ಅವನ ಚಾ ಕುಡ್ಕೊಂಡು, ನನ್ನ ಕಾಲು ಸೋತಿದ್ಯಾ ಇಲ್ವಾ ಅಂತ ನೋಡ್ಲಾ? ಆ ಹಾಡು ಪೂರ್ತಿ ಜನಕ್ಕೆ ಬೆನ್ನು ಹಾಕ್ಕೊಂಡು ನನ್ನನ್ನೇ ಗುರಾಯಿಸ್ತಾ ನಿಂತಿದ್ದ, ಗೊತ್ತಾ? ಅವತ್ತೇ ಅಂದ್ಕೊಂಡೆ, ಇವನ ಹೊಟ್ಟೇಲಿ ಏನೋ ಇದೆ ಅಂತ."

"ಕಾಲು ಊದಿರೋದಂತೂ ನಿಜ ತಾನೆ?"

"ಊದಿರೋದು ಹೆಬ್ಬೆರಳು. ಪೆಡಲ್ ಒತ್ತೋದು ಪಾದ."

"ಎರಡೂ ಒಂದೇ ಬೂಟಲ್ಲಿರುತ್ತೆ, ಬೊನೊಲೊ ಅಪ್ಪ" ಎಂದು ಕೆಫಿಲ್ವೆ ಗಂಜಿಯ ಪಾತ್ರೆಯನ್ನು ಎತ್ತಿಕೊಂಡು ಕೊರಡು ದಾಟಿ ಒಳಗೆ ಹೋದಳು.

ಬಾರೆಕಿಯ ಹಾಸಿಗೆ ಹಿತ್ತಲಿನ ತಗಡಿನ ಕೋಣೆಗೆ ಹೋಯಿತು. ಬೆಳಿಗ್ಗೆ ನೀರು ಹಿಡಿಯುವುದು, ಸೌದೆ ಒಡೆಯುವುದು, ಕೂಸಿನ ಬಟ್ಟೆ ಒಣಗಿದ ಮೇಲೆ ಮಡಿಸಿ ಕೊರಡಿನ ಮೇಲಿಡುವುದು ಅವನ ಪಾಲಿಗೆ ಬಂದವು. ಊಟ ಎಲ್ಲರಿಗಿಂತ ಕೊನೆಗೆ. ಹುಳಿಗಂಜಿ ಆರಿ ಕೆನೆಗಟ್ಟಿರುತ್ತಿತ್ತು. ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುವಾಗ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಕುಟ್ಟುತ್ತಿತ್ತು. ಬೇಲಿಯಾಚೆ ಸರಕುರೈಲು ಹೋದರೆ ಅದಕ್ಕೂ ಒಂದು ತಾಳ ಸೇರಿಸುತ್ತಿತ್ತು.

ಎರಡನೆಯ ವಾರ ಅವನು ಕಿಟಕಿಯ ಕೆಳಗೆ ಬಂದು ಮಗಳನ್ನು ಕರೆದ.

"ನೀನಾದ್ರೂ ಹಾಕಿ ನೋಡಿ ಹೇಳೇ. ಕೊನೇ ಹಾಡು ಒಂದೇ."

"ಅಪ್ಪಾ, ಇವಳು ಈಗ ತಾನೇ ಕಣ್ಣು ಮುಚ್ಚಿದಾಳೆ. ಕರಿಗೂಳಿ ಕೂಗಿದ್ರೆ ಅಜ್ಜಿ ನನ್ನನ್ನ ಕೊರಡಿನ ಜೊತೆ ಎತ್ತಿ ಬೀದಿಗೆ ಹಾಕ್ತಾಳೆ."

"ಸದ್ದು ತೆಗೆದುಬಿಟ್ಟು ನೋಡು."

"ಸದ್ದಿಲ್ಲದೆ ತಾಳ ಎಲ್ಲಿಂದ ಗೊತ್ತಾಗುತ್ತಪ್ಪ?"

ಅವನು ಅಲ್ಲಿಯೇ ನಿಂತಿದ್ದ. ಒಳಗಿನಿಂದ ಕೂಸು ಸೀನಿದ ಸದ್ದು ಬಂತು. "ಅದು ಅವಳೇನಾ?" ಎಂದು ಕೇಳಿದ. "ಇನ್ಯಾರಪ್ಪ?" ಎಂದಳು ಬೊನೊಲೊ. ಕೂಸಿನ ಮುಖವನ್ನು ಅವನು ಇನ್ನೂ ನೋಡಿರಲಿಲ್ಲ. ಅದರ ತಂದೆಯೂ ಜ್ವಾನೆಂಗಿನ ಗಣಿಯಲ್ಲಿ ಕುಳಿತು ಸೆಪ್ಟೆಂಬರಿಗಾಗಿ ಕಾಯುತ್ತಿದ್ದ.

ಜುಲೈ ಮೊದಲ ವಾರ ಪಾಲಾಪ್ಯೆಯಲ್ಲಿ ಕರಿಗೂಳಿಯ ಹಳೆಯ ಅಭಿಮಾನಿಯೊಬ್ಬ ತೀರಿಕೊಂಡ. ಅಂಥವರ ಮಣ್ಣಿಗೆ ರಾಕ್ ಜನ ಚರ್ಮದ ಉಡುಪಿನಲ್ಲೇ ಹೋಗಿ, ಪೆಟ್ಟಿಗೆಯ ಹಿಂದೆ ಸಾಲಾಗಿ ನಡೆದು, ಗುಂಡಿಗೆ ತಾವೇ ಮಣ್ಣೆಳೆದು ಬರುವುದು ರೂಢಿ. ಬಾರೆಕಿ ಹೋದ. ತುಸೊನೂ ಬಂದಿದ್ದ, ಇಬ್ಬರೂ ಸಲಿಕೆಗಳನ್ನು ಒಬ್ಬರಿಂದೊಬ್ಬರು ಪಡೆದರೇ ಹೊರತು ಮಾತನಾಡಲಿಲ್ಲ. ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಕೆಫಿಲ್ವೆ ನಲ್ಲಿಯ ಬಳಿ, ಮೊಸಿದಿ ಕೋಳಿಗೂಡಿನ ಹಿಂದೆ, ಬೊನೊಲೊ ಹಿತ್ತಲಿನ ಬಚ್ಚಲಲ್ಲಿ. ನಡುಮನೆಯ ಬಾಗಿಲು ತೆರೆದಿತ್ತು, ಕೂಸು ಒಳಗೆ ನಿದ್ರೆಯಲ್ಲಿತ್ತು. ಯಂತ್ರ ಹೊಸ್ತಿಲಿನಿಂದ ನಾಲ್ಕೇ ಹೆಜ್ಜೆ.

ಅವನು ಎರಡು ಹೆಜ್ಜೆ ಒಳಗಿಟ್ಟಿದ್ದಾಗ ಹಿಂದಿನಿಂದ ಮೊಸಿದಿಯ ಕೂಗು ಬಂತು.

"ಹೆಣದ ಮಣ್ಣು ಕಾಲಲ್ಲಿ ಇಟ್ಕೊಂಡು ಕೂಸಿನ ಮನೆಗೆ ಬರ್ತೀಯೇನೋ! ಬಿಸಿ ಕಾಲು! ಬಿಸಿ ಕಾಲು ಕಣೋ ಅದು, ಕೂಸಿಗೆ ತಾಗುತ್ತೆ! ಆಚೆ ಬಾ!"

ಅವನು ಹೊರಗೆ ಬಂದ. ಡಿಸ್ಕು ಒಳಗೇ ಉಳಿಯಿತು. ಎರಡು ದಿನಗಳ ನಂತರ ಕೂಸಿಗೆ ಜ್ವರ ಬಂತು.

ದವಾಖಾನೆಯ ನರ್ಸು ನೆಗಡಿಯೆಂದಳು, ಔಷಧಿ ಕೊಟ್ಟಳು, ಚಳಿಗಾಲದಲ್ಲಿ ಎಲ್ಲ ಕೂಸುಗಳಿಗೂ ಬರುತ್ತದೆಂದಳು. ಮೊಸಿದಿ ಒಪ್ಪಲಿಲ್ಲ.

"ಆ ನರ್ಸಮ್ಮನಿಗೆ ಮನೆಗೆ ಯಾರು ಬಂದಿದ್ರು ಅಂತ ಗೊತ್ತಾ? ಅದನ್ನ ಹೇಳಿದ್ರಾ ಅವಳಿಗೆ?"

"ಅತ್ತೆ, ಸಾಕು ಬಿಡಿ" ಎಂದಳು ಕೆಫಿಲ್ವೆ. "ಮೂಗು ಸುರೀತಿದೆ. ಮೂಗಿಗೂ ಕಾಲಿಗೂ ಏನು ಸಂಬಂಧ?"

"ಸಂಬಂಧ ಇಲ್ದಿದ್ರೆ ಅವನು ಯಾಕೆ ಗೇಟಿನ ಹತ್ರ ಹೋಗಿ ಕೂತಿದಾನೆ? ಕೇಳು."

ಅದು ನಿಜವಾಗಿತ್ತು. ಬಾರೆಕಿ ಅಂಗಳವನ್ನೂ ಬಿಟ್ಟು ಗೇಟಿನ ಬಳಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ. ನಾಲ್ಕು ದಿನ ಅವನ ಬಾಯಲ್ಲಿ ಡಿಸ್ಕಿನ ಮಾತು ಬರಲಿಲ್ಲ. ಕೆಫಿಲ್ವೆ ತಟ್ಟೆ ತಂದರೆ ಮೊದಲು ಕೇಳುತ್ತಿದ್ದದ್ದು, "ಮೈ ಎಷ್ಟು ಬಿಸಿ ಇದೆ?" ಅವಳು ಹೇಳುತ್ತಿದ್ದಳು. ಅವನು ಅರ್ಧ ತಿಂದು ಉಳಿದದ್ದನ್ನು ಕೋಳಿಗಳಿಗೆ ಹಾಕುತ್ತಿದ್ದ. ಐದನೆಯ ದಿನ ಕೂಸಿನ ಮೈ ತಣ್ಣಗಾಯಿತು. ಅಂದು ಅವನ ಬಲಗಾಲು ಮತ್ತೆ ನೆಲ ಕುಟ್ಟತೊಡಗಿತು.

ಕೋಣೆಯೊಳಗಿದ್ದವರಿಗೂ ಆ ಚಡಪಡಿಕೆ ಹತ್ತಿತ್ತು. ಐದು ವಾರಕ್ಕೂ ಮೇಲೆ ಅದೇ ನಾಲ್ಕು ಗೋಡೆ, ಅದೇ ಗಂಜಿ, ಅದೇ ಅಜ್ಜಿ. ಒಂದು ಬುಧವಾರ ಕೂಸು ಮಲಗಿದ ಹೊತ್ತಿನಲ್ಲಿ ಬೊನೊಲೊ ಗುಂಡಿ ಒತ್ತಿಬಿಟ್ಟಳು. ಸದ್ದನ್ನು ಉಸಿರಿನಷ್ಟಕ್ಕೆ ಇಳಿಸಿದಳು. ತೆರೆಯ ಮೇಲೆ ಹೊಗೆ, ಕೆಂಪು ಬೆಳಕು, ಕೊಂಬಿನ ಟೋಪಿ ಹಾಕಿದ ನಾಲ್ವರು ಮುದುಕರು.

ಮೊಸಿದಿ ಬೆನ್ನು ತಿರುಗಿಸಿ ಕೂಸಿನ ಬಟ್ಟೆ ಹೊಲಿಯುತ್ತಿದ್ದವಳು ಸೂಜಿಯನ್ನು ತಡೆದಳು. ಮಗನ ಸಂಗೀತ ಕಚೇರಿಗೆ ಅವಳು ಒಂದು ದಿನವೂ ಹೋಗಿರಲಿಲ್ಲ.

"ಇದರಲ್ಲಿ ನನ್ನ ಮಗ ಯಾರು?"

"ಹಿಂದೆ ಕೂತಿರೋದು, ಅಜ್ಜಿ."

"ಯಾಕೆ ಹಿಂದೆ ಕೂರಿಸಿದಾರೆ?"

"ಡ್ರಮ್ಮು ಹಿಂದೇನೇ ಇರೋದು."

"ಮೂವತ್ತು ವರ್ಷ ನನ್ನ ತಲೆ ಚಿಟ್ಟು ಹಿಡಿಸಿ ಇವನು ಹೋಗಿ ಕೂತದ್ದು ಹಿಂದೇನಾ?"

ಕೆಫಿಲ್ವೆ ನಕ್ಕಳು. ಮೊಸಿದಿ ಹೊಲಿಗೆಯನ್ನು ಪಕ್ಕಕ್ಕಿಟ್ಟು ಮುಂದೆ ಸರಿದು ಕುಳಿತಳು. ಒಂದು ಗಂಟೆ ಹಾಗೆಯೇ ಹೋಯಿತು. ಕೊನೆಯ ಹಾಡು ಬಂತು. ಅದರ ಮಧ್ಯಕ್ಕೆ ಬರುವ ಹೊತ್ತಿಗೆ ಮೂವರಲ್ಲಿ ಯಾರೂ ನಗುತ್ತಿರಲಿಲ್ಲ. ಕೆಫಿಲ್ವೆ ರಿಮೋಟನ್ನು ಎತ್ತಿ ತೆರೆಯನ್ನು ಕಪ್ಪಾಗಿಸಿದಳು.

"ಯಾರೂ ಏನೂ ಹೇಳ್ಬೇಡಿ. ನಾನೇ ಹೇಳ್ತೀನಿ."

ಆ ಮಧ್ಯಾಹ್ನ ಅವಳು ಕುಟ್ಟಿ ಬೇಯಿಸಿದ ದನದ ಮಾಂಸವನ್ನು ಗಂಡನ ತಟ್ಟೆಯಲ್ಲಿ ಗುಡ್ಡೆ ಹಾಕಿ ತಂದಳು.

"ಡಿಸ್ಕ್ ನೋಡಿದ್ವಿ. ಚೆನ್ನಾಗಿ ಬಂದಿದೆ. ತಾಳ ಎಲ್ಲ ಸರಿಯಾಗಿದೆ."

ಬಾರೆಕಿ ತಟ್ಟೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಸುಳ್ಳು ಹೇಳೋ ದಿನ ನೀನು ಮಾಂಸ ಜಾಸ್ತಿ ಬಡಿಸ್ತೀಯ, ಕೆಫಿಲ್ವೆ."

"ಅಯ್ಯೋ, ಮಾಂಸ ಹಾಕಿದ್ರೂ ತಪ್ಪಾ?"

"ನನ್ನ ಪ್ರಮೋಷನ್ ಬರಲಿಲ್ಲ ಅಂತ ಮುಚ್ಚಿಟ್ಟ ದಿನ ಬಾಲ ಬೇಯಿಸಿದ್ದೆ. ಹಸು ಕಳೆದುಹೋದಾಗ ನಾಲಿಗೆ. ಇವತ್ತು ಎಷ್ಟು ಹಾಕಿದೀಯ ನೋಡು." ತಟ್ಟೆಯನ್ನು ನೆಲದ ಮೇಲಿಟ್ಟ. "ಇನ್ನು ಹತ್ತು ದಿನ. ಅವರು ಕೈ ಎತ್ತುತ್ತಾರೆ. ನಾನು ಏನಂತ ಹೇಳ್ಲಿ ಅಲ್ಲಿ? ನನ್ನ ಹೆಂಡತಿ ಚೆನ್ನಾಗಿದೆ ಅಂದ್ಳು ಅಂತಲಾ?"

ಆ ವಾರ ಮನೆಯಲ್ಲಿ ಪಾತ್ರೆಗಳು ಹೆಚ್ಚು ಸದ್ದು ಮಾಡಿದವು. ಸೌದೆಯನ್ನು ಬಾರೆಕಿ ಬೇಕಾದದ್ದಕ್ಕಿಂತ ಎರಡರಷ್ಟು ಒಡೆದ. ಮಗಳು ತಾಯಿಯ ಮೇಲೆ ರೇಗಿದಳು, ತಾಯಿ ಕೋಳಿಗಳ ಮೇಲೆ. ಸಭೆಯ ಹಿಂದಿನ ದಿನ ಮೊಸಿದಿ ಕೊರಡಿನ ಬಳಿ ನಿಂತು ಮಗನನ್ನು ಕರೆದಳು. ಕೈಯಲ್ಲಿ ಬೋಗುಣಿಯಿತ್ತು, ಅದರಲ್ಲಿ ತಣ್ಣೀರು, ಒಲೆಯ ಬೂದಿ.

"ಬೂಟು ಬಿಚ್ಚು. ಕಾಲು ತೊಳ್ಕೋ. ಆಮೇಲೆ ಕಿಟಕಿ ಹತ್ರ ಹೋಗು."

"ಕಿಟಕಿಗಾ?"

"ಕಾಲು ಹೊರಗಿರುತ್ತೆ. ಕಣ್ಣಿಗೂ ಬಿಸಿ ಇರುತ್ತೆ ಅಂತ ನಮ್ಮಮ್ಮ ಯಾವತ್ತೂ ಹೇಳಿರಲಿಲ್ಲ. ಕೂಸು ಮಲಗಿದೆ, ಸದ್ದು ಮಾತ್ರ ಕೇಳ್ಬೇಡ."

ಬಾರೆಕಿ ಊದಿದ ಹೆಬ್ಬೆರಳನ್ನು ಮೇಲಕ್ಕೆತ್ತಿಕೊಂಡು ಬೋರಲು ಬಕೆಟ್ಟಿನ ಮೇಲೆ ಹತ್ತಿ ನಿಂತ. ಬಿಸಿಲು ಗಾಜಿನ ಮೇಲೆ ಹೊಡೆದು ಏನೂ ಕಾಣದಾದಾಗ ಕೆಫಿಲ್ವೆ ಒಂದು ಕಂಬಳಿ ತಂದು ಅವನ ತಲೆಗೂ ಕಿಟಕಿಗೂ ಸೇರಿಸಿ ಹೊದಿಸಿದಳು. ದಾರಿಯಲ್ಲಿ ಹೋಗುತ್ತಿದ್ದ ನೆರೆಯಾಕೆ, "ಏನಮ್ಮಾ, ನಿನ್ನ ಗೂಳಿಗೆ ನೆಗಡೀನಾ?" ಎಂದು ಕೂಗಿ ಮುಂದೆ ಹೋದಳು.

ಕಂಬಳಿಯ ಕತ್ತಲಲ್ಲಿ ಬಾರೆಕಿ ತನ್ನನ್ನು ಕಂಡ. ಸದ್ದಿರಲಿಲ್ಲ. ಸದ್ದು ಅವನ ಬೆರಳುಗಳಲ್ಲಿತ್ತು; ಕಿಟಕಿಯ ದಂಡೆಯ ಮೇಲೆ ಅವು ಹಾಡನ್ನು ತಾವಾಗಿಯೇ ಬಾರಿಸಿಕೊಂಡು ಹೋದವು. ತೆರೆಯ ಮೇಲಿನ ಬಾರೆಕಿಯೂ ದಂಡೆಯ ಮೇಲಿನ ಬೆರಳುಗಳೂ ಮೊದಲ ಚರಣ ಜೊತೆಜೊತೆಗೇ ಹೋದರು. ಎರಡನೆಯದೂ ಹೋಯಿತು. ಮೂರನೆಯದರಲ್ಲಿ ತೆರೆಯ ಮೇಲಿನವನು ಹಿಂದೆ ಉಳಿದ.

"ಮೆಷಿನ್ ತಡವರಿಸ್ತಿದೆ" ಎಂದ.

"ಮೆಷಿನ್ ಸರಿಯಾಗೇ ಇದೆ, ಅಪ್ಪಾ" ಎಂದಳು ಬೊನೊಲೊ ಒಳಗಿನಿಂದ.

"ಇನ್ನೊಂದ್ಸಲ ಹಾಕು."

ಅವಳು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದಳು. ಬೆರಳುಗಳು ಮತ್ತೆ ಮುಂದೆ ಹೋದವು, ಕಾಲು ಮತ್ತೆ ಹಿಂದೆ ಉಳಿಯಿತು. ಆಗ ತುಸೊ ಚೌಕಟ್ಟಿನೊಳಗೆ ಬಂದ. ಜನರಿಗೆ ಬೆನ್ನು ತಿರುಗಿಸಿ ಡ್ರಮ್ಮಿನ ಎದುರು ನಿಂತ. ಬಲ ಬೂಟನ್ನು ಮೊಣಕಾಲಿನ ತನಕ ಎತ್ತಿ ನೆಲಕ್ಕೆ ಹಾಕಿದ, ಎತ್ತಿದ, ಹಾಕಿದ. ಪಕ್ಕದ ಕ್ಯಾಮೆರಾ ಅವನ ಮುಖವನ್ನು ಹಿಡಿದಿತ್ತು. ಬೆವರು ಹುಬ್ಬಿನಿಂದ ಬಾಯಿಗೆ ಇಳಿಯುತ್ತಿತ್ತು, ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಅವನು ಗುರಾಯಿಸುತ್ತಿರಲಿಲ್ಲ, ಎಣಿಸುತ್ತಿದ್ದ. ಹಾಡು ಮುಗಿಯುವವರೆಗೂ ಒಂದು ಸಲವೂ ಜನರತ್ತ ತಿರುಗಲಿಲ್ಲ.

ದಂಡೆಯ ಮೇಲೆ ಬೆರಳುಗಳು ನಿಂತಿದ್ದವು.

"ಕಂಡಿತಾ?" ಎಂದು ಮೊಸಿದಿ ಕೇಳಿದಳು. "ನಿಮ್ಮಪ್ಪನ ಕಾಲೂ ನಿನ್ನ ವಯಸ್ಸಿಗೇ ಹೀಗಾಗಿತ್ತು. ದನದ ಹಿಂದೆ ಹೋಗೋಕೆ ಬಿಡಲಿಲ್ಲ ನಾನು. ಅದಕ್ಕೇ ಬೈಸ್ಕೊಂಡೆ, ಅವರು ಸಾಯೋ ತನಕ."

ಕಂಬಳಿಯಿಂದ ಹೊರಬಂದ ಬಾರೆಕಿ ಕೆಫಿಲ್ವೆಗೆ ಹೇಳಿದ್ದು ಒಂದೇ ಮಾತು: "ಇವತ್ತು ಮಾಂಸ ಕಮ್ಮಿ ಹಾಕು."

ಮರುದಿನ ಮೋಟಾರು ಗ್ಯಾರೇಜೊಂದರ ಹಿಂದೆ ಕರಿಗೂಳಿಯವರು ಸೇರಿದ್ದರು. ಬಾರೆಕಿ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಚೀಲದೊಳಗಿಂದ ಮೂವತ್ತೊಂದು ವರ್ಷದ ಕಾಲುಪೆಡಲನ್ನು ತೆಗೆದು ತುಸೊನ ಎದುರು ಬಿದ್ದಿದ್ದ ಟೈರಿನ ಮೇಲಿಟ್ಟ.

"ಯಾರೂ ಕೈ ಎತ್ತೋದು ಬೇಡ."

ತುಸೊ ಪೆಡಲನ್ನು ನೋಡಿದ. "ನೋಡಿದ್ಯಾ?"

"ನೋಡ್ದೆ. ಸದ್ದಿಲ್ಲದೆ ನೋಡ್ದೆ."

"ಸದ್ದಿದ್ದಿದ್ರೆ ಅಷ್ಟು ಗೊತ್ತಾಗ್ತಿರ್ಲಿಲ್ಲ. ನಮ್ಮ ಗಿಟಾರ್ ಸದ್ದಲ್ಲಿ ಮುಚ್ಚಿಬಿಟ್ಟಿದ್ವಿ."

"ನಂಗೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳ್ದೆ, ಮಾರಾಯ. ನೀನು ಹೊಡೆಯೋಕೆ ಕುರ್ಚಿ ಎತ್ಕೊಂಡೆ."

ಎಲ್ಲರೂ ನಕ್ಕರು, ಬಾರೆಕಿಯೂ. ಆಮೇಲೆ ಅವನು ಅವರತ್ತ ನೋಡದೆ ಹೇಳಿದ: "ಆ ಸೆರೊವೆಯ ಗೊರಾತಾ, ಲಾರಿ ಓಡಿಸ್ತಾಳಲ್ಲ, ಅವಳನ್ನ ಕರೀರಿ. ಅವಳು ಬಾರಿಸೋದು ಕೋಳಿ ಕಾಳು ಹೆಕ್ಕಿದ ಹಾಗಿದೆ ಅಂದಿದ್ದೆ. ಹಾಗಿಲ್ಲ. ಪೆಡಲ್ ಸ್ಪ್ರಿಂಗು ಸ್ವಲ್ಪ ಬಲಕ್ಕೆ ಎಳೆಯುತ್ತೆ ಅಂತ ಅವಳಿಗೆ ಹೇಳಿ."

ಆಗಸ್ಟ್ ಕೊನೆಯ ವಾರ ಕರಿಗೂಳಿ ಫ್ರಾನ್ಸಿಸ್‌ಟೌನಿಗೆ ಹೋಯಿತು. ಬಾರೆಕಿ ಹೋಗಲಿಲ್ಲ. ಆ ಶನಿವಾರ ಅವನು ಕೋಳಿಗೂಡಿನ ಬಾಗಿಲನ್ನು ಮೂರು ಸಲ ಕಿತ್ತು ಮೂರು ಸಲ ಜೋಡಿಸಿದ. "ಆ ಕೋಳಿಗಳಾದ್ರೂ ಮಲಗ್ಲಿ ಬಿಡೋ" ಎಂದು ಮೊಸಿದಿ ಒಳಗಿನಿಂದ ಕೂಗಿದಳು.

ಸೆಪ್ಟೆಂಬರಿನ ಎರಡನೆಯ ಶನಿವಾರ ಕೊರಡು ಎದ್ದಿತು. ಆಡು ಕೊಯ್ದರು. ಕೂಸಿನ ತಂದೆ ಜ್ವಾನೆಂಗಿನಿಂದ ಹೊಸ ಅಂಗಿ ತೊಟ್ಟು ಬಂದ; ಹನ್ನೊಂದು ಗಂಟೆಗೆ ಕರಿಗೂಳಿಯವರೂ ಬಂದರು, ಚರ್ಮ, ಮೊಳೆ, ಸರಪಳಿ, ಟೋಪಿ ಸಮೇತ. ಮೊಸಿದಿ ಬೋಗುಣಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಕೊರಡು ಎದ್ದಿದೆ, ನಾನಿನ್ನೂ ಬಾಗಿಲಿಂದ ಎದ್ದಿಲ್ಲ. ಬೂಟು ಬಿಚ್ಚಿ ಎಲ್ಲಾರೂ."

ಬಾರೆಕಿಯದೂ ಕೂಸಿನ ತಂದೆಯದೂ ಸೇರಿ ಐದು ಜೊತೆ ಬೂಟುಗಳು ಗೋಡೆಯ ಬುಡದಲ್ಲಿ ಸಾಲಾಗಿ ಕೂತವು. ದೊಡ್ಡ ಗಂಡಸರು ಒಬ್ಬರ ಹೆಗಲನ್ನೊಬ್ಬರು ಹಿಡಿದು ಬೂದಿನೀರಿನಲ್ಲಿ ಕಾಲು ಅದ್ದಿದರು. ಸಾಲಿನ ಕೊನೆಯಲ್ಲಿ ತುಸೊನ ಬೂಟಿತ್ತು. ಬಲಗಾಲಿನದರ ಹಿಮ್ಮಡಿ ಅರ್ಧ ಸೀಳಿ ಹೋಗಿತ್ತು, ಅದನ್ನು ಮೊಳೆಯೊಂದು ಹಿಡಿದುಕೊಂಡಿತ್ತು. ಬಾರೆಕಿ ಅದನ್ನು ಎತ್ತಿ ನೋಡಿ ಇದ್ದಲ್ಲಿಯೇ ಇಟ್ಟ.

ಒಳಗೆ ಬೊನೊಲೊ ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಅದು ಅವನನ್ನು ನೋಡಿತು, ಆಮೇಲೆ ಅವನ ಅಂಗಿಯ ಮೊಳೆಗಳನ್ನು ನೋಡಿತು. ಮಾಂಸವೂ ಹುಳಿಗಂಜಿಯೂ ಬಂದವು. ಯಾರೋ, "ಹಾಕಿ ಮತ್ತೆ, ಈಗಲಾದ್ರೂ ಸದ್ದಿನ ಜೊತೆ ನೋಡೋಣ" ಎಂದರು. ಕೆಫಿಲ್ವೆ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

ಮೂರು ತಿಂಗಳು ಉಸಿರು ಹಿಡಿದಿದ್ದ ಕೋಣೆ ನಡುಗಿತು. ಪಿಂಗಾಣಿ ತಟ್ಟೆಗಳು ಅಲುಗಾಡಿದವು. ಕೂಸು ಬೆಚ್ಚಿತು, ಅಳಬೇಕೋ ಬೇಡವೋ ಎಂದು ಯೋಚಿಸಿತು, ಕೊನೆಗೆ ಮೊಳೆಯೊಂದನ್ನು ಹಿಡಿದುಕೊಂಡಿತು. ಊಟ ಮುಗಿಯುವ ಹೊತ್ತಿಗೆ 'ಮರಳ ನದಿ' ಬಂತು. ಮಾತುಗಳು ಒಂದೊಂದಾಗಿ ನಿಂತವು. ಮೊದಲ ಚರಣ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದು ಸಮೀಪಿಸುತ್ತಿದ್ದಂತೆ ಸೋಫಾದ ಮೇಲೆ ಪಕ್ಕದಲ್ಲಿ ಕುಳಿತಿದ್ದ ತುಸೊನ ಬರಿಗಾಲು, ಅವನಿಗೇ ತಿಳಿಯದೆ, ನೆಲದಿಂದ ಎದ್ದು ಬೀಳತೊಡಗಿತು. ಅವನ ತುಟಿಯೂ ಅಲುಗುತ್ತಿತ್ತು.

ಬಾರೆಕಿ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದನ್ನು ತುಸೊನ ಮೊಣಕಾಲಿನ ಮೇಲಿಟ್ಟ.

"ಬಿಡು."

"ಏನು?"

"ಕಾಲು ಬಿಡು. ಬೀಳೋದು ಬೀಳ್ಲಿ. ಕೇಳೋಣ."

ತುಸೊನ ಕಾಲು ನಿಂತಿತು. ಹಾಡು ತನ್ನ ಪಾಡಿಗೆ ಹೋಯಿತು. ಗಿಟಾರುಗಳು ಏರಿದವು, ಜನ ಕೂಗಿದರು, ತೆರೆಯ ಮೇಲಿನ ಬೂಟು ಏಳುತ್ತ ಬೀಳುತ್ತ ಇತ್ತು.

ಮೊಸಿದಿ ಗೋಡೆಗೊರಗಿ, ಕಿವಿಯನ್ನು ಅಂಗೈಯಿಂದ ಅಗಲಿಸಿಕೊಂಡು ಕುಳಿತಿದ್ದಳು. "ಅವತ್ತು ಕಣ್ಣಿಗೆ ಕಂಡಿತ್ತು" ಎಂದು ಸದ್ದಿನ ಮೇಲೆ ಕೂಗಿ ಕೇಳಿದಳು. "ಇವತ್ತು ಕಿವಿಗೆ ಬೀಳಲೇ ಇಲ್ವಲ್ಲೋ! ಯಾವಾಗ ತಪ್ಪೋದು?"

"ಈಗ ಹೋಯ್ತಲ್ಲ, ಅವ್ವಾ" ಎಂದ ಬಾರೆಕಿ. "ಅದೇ."